ಅಡಗು ಅಡಗಿ ಕೂರಬೇಕಿಲ್ಲ

ಮನೆಯಲ್ಲೇ ಲೋಡೆಡ್ ಚೀಸ್ ಗಾರ್ಲಿಕ್ ಬ್ರೆಡ್ ಮಾಡುವುದು ಹೇಗೆಂದು ಕನ್ನಡದಲ್ಲಿ ಹೇಳಿಕೊಡುವವರಿಗೆ ಎಲ್ಲದರಲ್ಲೂ ಲೆಕ್ಕ ಪಕ್ಕಾ. ಬೆಳ್ಳುಳ್ಳಿ ಇಷ್ಟು ಎಸಳು, ಬೆಣ್ಣೆ ಇಷ್ಟು ಗ್ರಾಂ, ಚೀಸ್ ಇಷ್ಟು, ಉರಿ ಇಷ್ಟು. ಬ್ರೆಡ್ಡಿನ ಮೇಲೆ ಹೇರುವ ಮಾಂಸದ ಸಾಲಿಗೆ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ‘ಸ್ಟೇಕ್, ಬೇಕಾದಷ್ಟು’ ಎಂದು ಬರೆದು ಮುಂದಿನ ಸಾಲಿಗೆ ಜಿಗಿದುಬಿಡುತ್ತಾರೆ. ಯಾವ ಪ್ರಾಣಿಯದು, ಯಾವ ಭಾಗದ್ದು, ಅಂಗಡಿಯಲ್ಲಿ ಏನೆಂದು ಕೇಳಬೇಕು, ಒಂದೂ ಇಲ್ಲ. ಇನ್ನು ಕೆಲವರು ಸ್ಟೇಕ್ ಎಂದು ಹೆಸರಿಟ್ಟು ಒಳಗೆ ಪನೀರ್ ತುಂಬುತ್ತಾರೆ.

ಇದನ್ನು ಮರೆವು ಎನ್ನಲಾಗದು. ಕೋಳಿ ಎಂದು ಬರೆಯಲು ಯಾರೂ ಮರೆಯುವುದಿಲ್ಲ. ಮಹಾರಾಷ್ಟ್ರದ ಅಡುಗೆಮನೆಯಲ್ಲಿ ಇಂದು ಸ್ಟೇಕ್ ಎಂದರೆ ಹೆಚ್ಚಿನ ಸಲ ಎಮ್ಮೆ ಇಲ್ಲವೇ ಕೋಣದ ಮಾಂಸ. ಆ ಎರಡು ಪದ ಬರೆಯಲು ಕೈ ಏಳುವುದಿಲ್ಲ, ಅಷ್ಟೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಅದನ್ನು ತಿನ್ನುವವರು ಆ ಪದಗಳನ್ನು ಬಾಯಿಬಿಟ್ಟು ಹೇಳಬೇಕು, ತಿನ್ನದವರು ಕೇಳಿಸಿಕೊಳ್ಳಬೇಕು ಎಂಬುದು ಈ ಬರಹದ ವಾದ. ಎಲ್ಲರೂ ತಿನ್ನಬೇಕು ಎಂಬ ವಾದ ಇದಲ್ಲ. ತಿನ್ನುವವರು ಸುಳ್ಳು ಹೇಳಬೇಕಾಗಿ ಬರಬಾರದು ಎಂಬುದಷ್ಟೇ.

ಕಲ್ಯಾಣಕ್ಕೆ ಹೊರಟಿದ್ದ ಡಬ್ಬಿ

ಒಂದು ಬ್ರೆಡ್ಡಿನ ಮೇಲಿನ ಮಾಂಸಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನುವವರು 2024ರ ಆಗಸ್ಟ್ ಕೊನೆಯ ವಾರವನ್ನು ನೆನೆಯಬೇಕು. ಜಳಗಾಂವ್ ಕಡೆಯ 72 ವರ್ಷದ ಹಿರಿಯರೊಬ್ಬರು ಕಲ್ಯಾಣದಲ್ಲಿದ್ದ ಮಗಳ ಮನೆಗೆ ರೈಲಿನಲ್ಲಿ ಹೊರಟಿದ್ದರು. ತವರಿನಿಂದ ಮಗಳಿಗೆಂದು ಡಬ್ಬಿಗಳಲ್ಲಿ ಮಾಂಸ ಒಯ್ಯುತ್ತಿದ್ದರು. ಧುಳೆ–ಮುಂಬಯಿ ಎಕ್ಸ್‌ಪ್ರೆಸ್ಸಿನಲ್ಲಿ ಜೊತೆಗಿದ್ದ ಕೆಲವು ಪ್ರಯಾಣಿಕರು ಅದು ದನದ ಮಾಂಸವೆಂದು ಅವರನ್ನು ಬೈದರು, ಹೊಡೆದರು, ಹೊಡೆಯುವುದನ್ನು ವೀಡಿಯೊ ಮಾಡಿದರು. ಆಮೇಲೆ ಥಾಣೆ ರೈಲ್ವೆ ಪೊಲೀಸರು ಕೇಸು ಹಾಕಿದರು, ಬಂಧನಗಳೂ ಆದವು. ಅದು ಎಮ್ಮೆ ಮಾಂಸ ಎಂಬುದು ಆ ಹಿರಿಯರ ಹೇಳಿಕೆ.

ಕಾನೂನು ಏನು ಹೇಳುತ್ತದೆ? ಮಹಾರಾಷ್ಟ್ರದಲ್ಲಿ ಗೋವಧೆ 1976ರ ಕಾಯ್ದೆಯಿಂದಲೇ ನಿಷಿದ್ಧ. 1995ರಲ್ಲಿ ಅಂಗೀಕಾರವಾದ ತಿದ್ದುಪಡಿಗೆ 2015ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಮೇಲೆ ಎತ್ತು, ಹೋರಿಗಳೂ ಪಟ್ಟಿಗೆ ಸೇರಿದವು. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಎಮ್ಮೆ, ಕೋಣಗಳು ಈ ನಿಷೇಧದಲ್ಲಿ ಇಲ್ಲ. ಅವನ್ನು ಕಡಿಯಲು ಅಧಿಕಾರಿಯ ಪ್ರಮಾಣಪತ್ರ ಬೇಕು, ಅದಿದ್ದರೆ ಸಾಕು. 2016ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಗೋವಂಶ ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ರಾಜ್ಯದ ಹೊರಗೆ ಕಡಿದ ದನದ ಮಾಂಸವನ್ನು ಇಟ್ಟುಕೊಳ್ಳುವುದೂ ಅಪರಾಧ ಎನ್ನುತ್ತಿದ್ದ ಕಲಮನ್ನು ಹೊಡೆದುಹಾಕಿತು. ಮನೆಯೊಳಗೆ ಏನು ತಿನ್ನಬೇಕು ಎಂಬುದು ವ್ಯಕ್ತಿಯ ಖಾಸಗಿತನಕ್ಕೆ ಸೇರಿದ್ದು ಎಂಬುದು ಆ ತೀರ್ಪಿನ ತಿರುಳು. ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದೆ.

ಅಂದರೆ ಥಾಣೆಯ ಫ್ಲಾಟಿನಲ್ಲಿ ಕೋಣದ ಮಾಂಸ ಬೇಯಿಸುವವರು ಯಾವ ಕಾನೂನನ್ನೂ ಮುರಿಯುತ್ತಿಲ್ಲ. ಹಾಗಿದ್ದೂ ಕರಿ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಚೀಲ, ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೆಟ್ಟಿಲು. ಕಾನೂನು ಮುಟ್ಟದೆ ಬಿಟ್ಟದ್ದನ್ನು ಅಂಜಿಕೆ ಮುಟ್ಟಿದೆ. ಈ ಅಂಜಿಕೆಗೆ ಬೇಕಾದ ಮೊದಲ ಆಸರೆ ಹೆಸರಿಲ್ಲದಿರುವುದು. ಎಮ್ಮೆ ಮಾಂಸ ಎಂದು ಯಾರೂ ಎಲ್ಲೂ ಸಹಜವಾಗಿ ಹೇಳದ ಊರಿನಲ್ಲಿ ಡಬ್ಬಿಯೊಳಗಿನ ಮಾಂಸವೆಲ್ಲ ಅನುಮಾನದ ಮಾಂಸವೇ ಆಗುತ್ತದೆ.

ಆಡಳಿತವೂ ಈ ಅಂಜಿಕೆಗೆ ನೀರೆರೆಯುತ್ತದೆ. 2025ರ ಆಗಸ್ಟ್ 15ರಂದು ಕಲ್ಯಾಣ್–ಡೊಂಬಿವಲಿ ಮಹಾನಗರಪಾಲಿಕೆ ತನ್ನ ವ್ಯಾಪ್ತಿಯ ಕಸಾಯಿಖಾನೆ, ಮಾಂಸದಂಗಡಿಗಳನ್ನೆಲ್ಲ ಮುಚ್ಚಿಸಿತು. ಸ್ವಾತಂತ್ರ್ಯ ದಿನದಂದು! ಪ್ರಶ್ನೆ ಕೇಳಿದವರಿಗೆ 1988ರ ಹಳೆಯ ನಿರ್ಣಯವನ್ನು ತೋರಿಸಲಾಯಿತು. ವಿರೋಧ ಪಕ್ಷದವರಷ್ಟೇ ಅಲ್ಲ, ಸರ್ಕಾರದೊಳಗಿದ್ದ ಉಪಮುಖ್ಯಮಂತ್ರಿ ಅಜಿತ್ ಪವಾರರೂ ಇದು ಸರಿಯಲ್ಲ ಎಂದರು. ಒಂದು ದಿನ ಮಾಂಸ ಸಿಗದಿದ್ದರೆ ಯಾರ ಪ್ರಾಣವೂ ಹೋಗದು, ನಿಜ. ಆದರೆ ದೇಶದ ಹಬ್ಬದ ದಿನ ಮಾಂಸ ಒಂದು ಕಳಂಕ ಎಂದು ಪಾಲಿಕೆಯೇ ಹೇಳಿದಂತಾಯಿತಲ್ಲ, ಅದು ಮರುದಿನ ಅಂಗಡಿ ತೆರೆದ ಮೇಲೂ ಉಳಿಯುತ್ತದೆ.

ಹೆಸರು ಹೇಳದಿದ್ದರೆ ರುಚಿಯೂ ಕೆಡುತ್ತದೆ

ಇಷ್ಟೆಲ್ಲ ರಾಜಕೀಯ ಬೇಡ, ಅಡುಗೆಯ ಮಾತಷ್ಟೇ ಆಡಿ ಎನ್ನುವವರಿಗೂ ಉತ್ತರವಿದೆ. ಪ್ರಾಣಿಯ ಹೆಸರನ್ನು ಮುಚ್ಚಿಟ್ಟ ಪಾಕವಿಧಾನ ಅಡುಗೆಯಾಗಿಯೂ ಸೋಲುತ್ತದೆ.

ಅಮೆರಿಕದ ವಿಧಾನಗಳಲ್ಲಿ ಸ್ಟೇಕ್ ಎಂದರೆ ಸಾಮಾನ್ಯವಾಗಿ ಕಾಳು ತಿನ್ನಿಸಿ ಕೊಬ್ಬಿಸಿದ ದನದ ಮಾಂಸ. ಅದರ ನಾರುಗಳ ನಡುವೆ ಕೊಬ್ಬಿನ ಬಿಳಿ ಗೆರೆಗಳಿರುತ್ತವೆ. ಕಾದ ಹಂಚಿನ ಮೇಲೆ ಆ ಕೊಬ್ಬು ಕರಗಿ ತುಂಡನ್ನು ಒಳಗಿನಿಂದಲೇ ತೇವವಾಗಿಡುತ್ತದೆ. ನಮ್ಮ ಕಡೆಯ ಎಮ್ಮೆ, ಕೋಣದ ಮಾಂಸದ ಬಣ್ಣ ಗಾಢ, ಅದರೊಳಗೆ ಅಂಥ ಕೊಬ್ಬು ತೀರಾ ಕಡಿಮೆ. ಆ ಹೊತ್ತು, ಆ ಉರಿ, ಆ ದಪ್ಪವನ್ನು ಇದಕ್ಕೆ ಹಾಗೆಯೇ ಹೊಂದಿಸಿದರೆ ಸಿಗುವುದು ಚಪ್ಪಲಿಯ ಅಟ್ಟೆ. ತಿಂದವರು ‘ಇಲ್ಲಿನ ಮಾಂಸವೇ ಇಷ್ಟು’ ಎನ್ನುತ್ತಾರೆ. ಮಾಂಸದ ತಪ್ಪೇನೂ ಇಲ್ಲ. ಅದು ಯಾವುದೆಂದು ಹೇಳದವರ ತಪ್ಪು.

ಹೇಳಿದರೆ ದಾರಿ ಸುಲಭ. ಮುಂಬಯಿ ಸುತ್ತಿನ ಕಟುಕರ ಬಳಿ ಕೇಳಬೇಕಾದ ಪದ ‘ಅಂಡರ್‌ಕಟ್’. ಬೆನ್ನುಮೂಳೆಯ ಕೆಳಗೆ ಒಳಬದಿಯಲ್ಲಿ ಉದ್ದಕ್ಕೆ ಮಲಗಿರುವ ಈ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ, ಹಾಗಾಗಿ ಮೆತ್ತಗಿರುತ್ತದೆ. ನಾಲ್ವರಿಗೆ 400 ಗ್ರಾಂ ಸಾಕು. ಬೆಳಿಗ್ಗೆ ಕಡಿದ ಮಾಂಸವನ್ನು ಮಧ್ಯಾಹ್ನವೇ ಹಂಚಿಗೆ ಹಾಕಬಾರದು. ಒಂದು ದಿನ ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಬಿಗಿತ ಸಡಿಲವಾಗುತ್ತದೆ. ಅಂಡರ್‌ಕಟ್ಟಿಗೆ ಪಪ್ಪಾಯಿ ಕಾಯಿಯ ಅರೆಪು ಬೇಡ. ಬೇರೆ ಭಾಗವಾದರೆ ತೆಳ್ಳಗೆ ಸವರಿ ಅರ್ಧ ಗಂಟೆಯೊಳಗೆ ಒರೆಸಿಬಿಡಬೇಕು, ಇಲ್ಲವಾದರೆ ಮೇಲ್ಮೈ ಹಿಟ್ಟಿನಂತಾಗುತ್ತದೆ.

ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡುಗಳನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಒದ್ದೆ ಮಾಂಸ ಹಂಚಿನ ಮೇಲೆ ಬೇಯುತ್ತದೆಯೇ ಹೊರತು ಕೆಂಪಗೆ ಸೀಯುವುದಿಲ್ಲ. ಉಪ್ಪು, ಕುಟ್ಟಿದ ಮೆಣಸು ಹಚ್ಚಿ, ಹೊಗೆಯಾಡುವಷ್ಟು ಕಾದ ಕಬ್ಬಿಣದ ದೋಸೆ ಕಾವಲಿಯ ಮೇಲೆ ಒಂದೊಂದು ಬದಿ ಎರಡರಿಂದ ಮೂರು ನಿಮಿಷ. ದೋಸೆ ಕಾವಲಿಗಿಂತ ಒಳ್ಳೆಯ ಸ್ಟೇಕ್ ಹಂಚನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಕೊನೆಯಲ್ಲಿ ಉರಿ ತಗ್ಗಿಸಿ ಒಂದು ದೊಡ್ಡ ಚಮಚ ಬೆಣ್ಣೆ ಹಾಕಿ ಆ ಬೆಣ್ಣೆಯನ್ನೇ ತುಂಡಿನ ಮೇಲೆ ಸುರಿಯುತ್ತಿರಬೇಕು. ಮಾಂಸದೊಳಗೆ ಇಲ್ಲದ ಕೊಬ್ಬನ್ನು ಹೊರಗಿನಿಂದ ಕೊಡುವ ಉಪಾಯ ಇದು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕಾದು ಇಳಿಸಬೇಕು. ಐದು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಬೇಕು. ಉದ್ದಕ್ಕೆ ಕೊಯ್ದರೆ ಎಷ್ಟು ಮೆತ್ತಗಿನ ಭಾಗವಾದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಬೆಳ್ಳುಳ್ಳಿ. ಹನ್ನೆರಡು ಹದಿನೈದು ಎಸಳು ಜಜ್ಜಿ ಹತ್ತು ನಿಮಿಷ ಬಿಟ್ಟರೆ ಘಮ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇಡೀ ಎಸಳಿನಲ್ಲಿ ಆ ಘಾಟು ಇರುವುದಿಲ್ಲ, ಜಜ್ಜಿದಾಗಲೇ ಅದು ಹುಟ್ಟುವುದು. 100 ಗ್ರಾಂ ಬೆಣ್ಣೆಗೆ ಅದನ್ನು ಕಲಸಿ ಕೊತ್ತಂಬರಿ ಸೊಪ್ಪು ಸೇರಿಸಬೇಕು. ಬೆಣ್ಣೆಯಲ್ಲೇ ಉಪ್ಪಿದ್ದರೆ ಮತ್ತೆ ಉಪ್ಪು ಬೇಡ. ಬೇಕರಿಯ ಉದ್ದನೆಯ ಬ್ರೆಡ್ ಸಿಗದಿದ್ದರೆ ಆರು ಲಾದಿ ಪಾವ್ ಧಾರಾಳ. ಕೊಯ್ದ ಬದಿಯನ್ನು ಮೊದಲು ಬರಿ ಹಂಚಿನ ಮೇಲೆ ಗರಿಯಾಗಿಸಿ ಬೆಣ್ಣೆ ಸವರಬೇಕು. ಮೊದಲೇ ಬೆಣ್ಣೆ ಸವರಿ ಸುಟ್ಟರೆ ಬೆಳ್ಳುಳ್ಳಿ ಕರಟಿ ಕಹಿಯಾಗುತ್ತದೆ. ಬೆಣ್ಣೆಯ ಮೇಲೆ ಅರ್ಧ ಚೀಸ್, ಅದರ ಮೇಲೆ ಮಾಂಸ, ಅದರ ಮೇಲೆ ಉಳಿದ ಚೀಸ್. ಕೆಳಗಿನ ಚೀಸ್ ಪದರ ಮಾಂಸದ ರಸ ಇಳಿದು ಬ್ರೆಡ್ ಮುದ್ದೆಯಾಗದಂತೆ ತಡೆಯುತ್ತದೆ. ಎಳೆ ಎಳೆಯಾಗಿ ಬರಬೇಕಾದರೆ ಮೊಝರೆಲ್ಲಾ 200 ಗ್ರಾಂ. ಡಬ್ಬಿಯ ಪ್ರೊಸೆಸ್ಡ್ ಚೀಸ್ ಎಳೆ ಬಿಡುವುದಿಲ್ಲ, ಆದರೆ ಉಪ್ಪು ರುಚಿಗೆ ಸ್ವಲ್ಪ ತುರಿದು ಬೆರೆಸಬಹುದು. ಓವನ್ ಇದ್ದರೆ 200 ಡಿಗ್ರಿಯಲ್ಲಿ ಏಳೆಂಟು ನಿಮಿಷ. ಇಲ್ಲದಿದ್ದರೆ ಅದೇ ಕಾವಲಿ, ಸಣ್ಣ ಉರಿ, ಮೇಲೊಂದು ಮುಚ್ಚಳ.

ಇಷ್ಟೇ. ಇದರಲ್ಲಿ ಒಂದೊಂದು ಹೆಜ್ಜೆಯೂ ‘ಇದು ಕೋಣದ ಮಾಂಸ’ ಎಂದು ಒಪ್ಪಿಕೊಂಡ ಮೇಲೆ ಬಂದದ್ದು.

‘ಇದು ನಮ್ಮದಲ್ಲ’

ಮೊದಲ ಆಕ್ಷೇಪ ಯಾವಾಗಲೂ ಇದು. ಗಾರ್ಲಿಕ್ ಬ್ರೆಡ್ ಪರದೇಶದ್ದು, ಸ್ಟೇಕ್ ಇನ್ನೂ ಪರದೇಶದ್ದು, ಕನ್ನಡದ ಮನೆಗೆ ಇದೆಲ್ಲ ಯಾಕೆ? ಈ ಮಾತು ಆಡುವವರು ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ನಿಂತು ತಿನ್ನುವುದು ಏನನ್ನು? ಪಾವಿನ ಹೊಟ್ಟೆ ಸೀಳಿ, ಬೆಳ್ಳುಳ್ಳಿಯ ಒಣಚಟ್ನಿ ಉದುರಿಸಿ, ವಡೆ ಹೇರಿ ಕೊಡುವುದನ್ನು. ಬ್ರೆಡ್ಡು, ಬೆಳ್ಳುಳ್ಳಿ, ಮೇಲೊಂದು ಹೇರು. ‘ಪಾವ್’ ಎಂಬ ಪದವೇ ಪೋರ್ಚುಗೀಸರದು. 1534ರಿಂದ 1739ರವರೆಗೆ ವಸಾಯಿ ಅವರ ಕೈಯಲ್ಲಿತ್ತು, ಥಾಣೆಯೂ 1737ರವರೆಗೆ ಅವರದೇ ಆಗಿತ್ತು. ವಡೆಯೊಳಗಿನ ಆಲೂಗಡ್ಡೆ, ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ. ವಡಾಪಾವ್ ನಮ್ಮದಾಗಲು ಇಷ್ಟು ಸಾಕಾದರೆ ಇದಕ್ಕೆ ಬೇರೆ ಪರೀಕ್ಷೆ ಯಾಕೆ?

ಗರಿಗರಿ ರೊಟ್ಟಿಯ ಮೇಲೆ ಮಾಂಸದ ರಸ ಹೇರಿ ತಿನ್ನುವುದನ್ನು ತುಳುನಾಡಿನವರಿಗೆ ಯಾರೂ ಕಲಿಸಬೇಕಿಲ್ಲ. ಕೋರಿ ರೊಟ್ಟಿ ಎಂದರೆ ಅದೇ. ಮಾಂಸ ಸುಟ್ಟು ತಿನ್ನುವುದೂ ಹೊಸತಲ್ಲ. ‘ಸ್ಟೇಕ್’ ಪದದ ಮೂಲ ಹಳೆಯ ನಾರ್ಸ್ ಭಾಷೆಯಲ್ಲಿ ಕೋಲಿಗೆ ಚುಚ್ಚಿ ಸುಟ್ಟ ಮಾಂಸಕ್ಕೆ ಹತ್ತಿರ ಹೋಗುತ್ತದೆ. ಕಲ್ಯಾಣ ಎಂಬ ಹೆಸರಿನದೇ ಇನ್ನೊಂದು ಊರಿನಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಕನ್ನಡ ನಾಡನ್ನು ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಊಟದ ಭಾಗದಲ್ಲಿ ಸರಳಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಮಾಂಸವಿದೆ, ಹಂದಿಯಿದೆ, ಹೊಲದ ಇಲಿಯೂ ಇದೆ. ದೊರೆ ಹೆಸರು ಹಿಡಿದೇ ಬರೆಸಿದ್ದಾನೆ, ಪ್ರಾಣಿ ಯಾವುದೆಂದು ಹೇಳಲು ನಾಚಿಕೊಂಡಿಲ್ಲ.

ನಾಚಿಕೆ ಬಂದದ್ದು ಭಾಷೆಯಲ್ಲಿ, ಅದೂ ಇತ್ತೀಚೆಗೆ. ಕನ್ನಡಕ್ಕೆ ಮಾಂಸದ ಪದಗಳ ಬರವಿಲ್ಲ: ಬಾಡು, ಖಂಡ, ಹಳಗನ್ನಡದ ಅಡಗು. ಆ ಹಳೆಯ ‘ಅಡಗು’ ಈಗ ಬಳಕೆಯಲ್ಲಿಲ್ಲ. ಅದೇ ಉಚ್ಚಾರದ ಇನ್ನೊಂದು ‘ಅಡಗು’, ಬಚ್ಚಿಟ್ಟುಕೋ ಎಂಬ ಅರ್ಥದ್ದು, ಮಾತ್ರ ಉಳಿದಿದೆ. ಎರಡಕ್ಕೂ ನಂಟು ಕಟ್ಟಬೇಕಿಲ್ಲ, ಆದರೆ ಇಂದಿನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದೂ ಕಷ್ಟ. ಆಡುಮಾತಿನಲ್ಲಿ ‘ದೊಡ್ಡದು’ ಎನ್ನುತ್ತಾರೆ, ಹಿಂದಿಯಲ್ಲಿ ‘ಬಡೇ ಕಾ’. ಬರಹದಲ್ಲಿ ‘ನಾನ್‌ವೆಜ್’, ಏನು ಅಲ್ಲ ಎಂಬುದನ್ನಷ್ಟೇ ಹೇಳಿ ಏನು ಎಂಬುದನ್ನು ನುಂಗುವ ಪದ. ಇಂಗ್ಲಿಷಿನ ‘ಸ್ಟೇಕ್’ ಈ ಸಾಲಿಗೆ ಸೇರಿದ ಹೊಸ ಮುಸುಕು. ಅದು ಬಂದದ್ದು ತುಂಡಿನ ಹೆಸರಾಗಿ, ಇಲ್ಲಿ ದುಡಿಯುತ್ತಿರುವುದು ಪ್ರಾಣಿಯ ಹೆಸರನ್ನು ಮರೆಸಲು.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ನಿಷೇಧಿತ ಎಂದು ಸೇರಿಸಿದ್ದರು. ಬಾಡೂಟದ ನಾಡಿನಲ್ಲಿ! ಅದಕ್ಕೆ ಎದುರಾಗಿ ‘ಬಾಡೂಟ ಬೇಕು’ ಎಂಬ ಚಳವಳಿಯೇ ಎದ್ದಿತು. ಅಲ್ಲಿ ಗೆದ್ದದ್ದು ಒಂದು ತಟ್ಟೆ ಊಟ ಅಲ್ಲ. ‘ಬಾಡು’ ಎಂಬ ಪದವನ್ನು ನುಡಿಹಬ್ಬದ ಅಂಗಳದಲ್ಲಿ ಗಟ್ಟಿಯಾಗಿ ಹೇಳುವಂತಾಯಿತು.

ಕೋಳಿಯವರೆಗೆ ಬಂದು ನಿಂತ ಧೈರ್ಯ

ಆದರೆ ಆ ಗಟ್ಟಿತನಕ್ಕೂ ಒಂದು ಗಡಿಯಿದೆ. ಮುಂಬಯಿ ಸುತ್ತಿನಲ್ಲಿ ಕನ್ನಡಿಗನೆಂದರೆ ಉಡುಪಿ ಹೋಟೆಲು, ಉಡುಪಿ ಹೋಟೆಲೆಂದರೆ ‘ಪ್ಯೂರ್ ವೆಜ್’ ಬೋರ್ಡು ಎಂಬುದೊಂದು ಚಿತ್ರ ಅಚ್ಚೊತ್ತಿದೆ. ಆ ಬೋರ್ಡಿನ ಹಿಂದಿನ ಎಷ್ಟೋ ಮನೆಗಳಲ್ಲಿ ಬಂಗುಡೆ ಸಾರು, ಕೋಳಿ ಸುಕ್ಕ ನಿತ್ಯದ ಮಾತು. ಈಗ ಅದನ್ನು ಹೇಳಿಕೊಳ್ಳಲು ಅಂಜಿಕೆ ಕಡಿಮೆ. ಸಂಘದ ಕಾರ್ಯಕ್ರಮಗಳಲ್ಲಿ ಮೀನಿನ ಬಗ್ಗೆ ಹೆಮ್ಮೆಯ ಮಾತೂ ಬರುತ್ತದೆ. ಎಮ್ಮೆಯ ಮಾತು ಬಂದರೆ ಅದೇ ಜನ ಮುಖ ತಿರುಗಿಸುತ್ತಾರೆ. ‘ಅದನ್ನೆಲ್ಲ ತಿನ್ನುವವರು ಬೇರೆ’ ಎನ್ನುತ್ತಾರೆ.

ಆ ಬೇರೆಯವರು ಯಾರು? ದಲಿತರು, ಮುಸ್ಲಿಮರು, ಕ್ರೈಸ್ತರು. ಕನ್ನಡ ಅವರ ಮನೆಯಲ್ಲೂ ಉಂಟು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ನವಿಮುಂಬಯಿಗೆ ಬಂದವರ ಮನೆಯಲ್ಲೂ, ಮಂಗಳೂರಿನಿಂದ ಬಂದು ಕಲ್ಯಾಣದಲ್ಲಿ ಮೂರು ತಲೆಮಾರು ಕಳೆದ ಮನೆಯಲ್ಲೂ ಉಂಟು. ತನ್ನ ತಟ್ಟೆಯ ಮೀನಿಗೆ ಮರ್ಯಾದೆ ಕೇಳಿದವನು ಪಕ್ಕದ ತಟ್ಟೆಯ ಎಮ್ಮೆಗೆ ಅದನ್ನು ಕೊಡದಿದ್ದರೆ, ಅವನು ಕೇಳಿದ್ದು ಮರ್ಯಾದೆ ಅಲ್ಲ, ಜಾತಿಯ ಏಣಿಯಲ್ಲಿ ಒಂದು ಮೆಟ್ಟಿಲು. ಊರಿಗೆ ಹೋಗುವಾಗ ಈ ಮನೆಗಳಿಗೆ ಇನ್ನೊಂದು ಫಜೀತಿ. ಕರ್ನಾಟಕದ 2020ರ ಕಾಯ್ದೆ 13 ವರ್ಷ ದಾಟದ ಎಮ್ಮೆ, ಕೋಣಗಳ ವಧೆಯನ್ನೂ ನಿಷೇಧಿಸಿದೆ. ಗಡಿ ದಾಟಿದರೆ ಅದೇ ಸಾರಿಗೆ ಬೇರೆ ಕಾನೂನು.

ಬೆಳ್ಳುಳ್ಳಿ ಕಲಿಸುವ ಪಾಠ

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೊನೆಯದು. ಸೊಸೈಟಿ ಎಂದಮೇಲೆ ಗೋಡೆಗಳು ಅಂಟಿಕೊಂಡಿರುತ್ತವೆ. ಪಕ್ಕದ ಮನೆಯವರಿಗೆ ವಾಸನೆ ಸಹಿಸಲಾಗದಿದ್ದರೆ? ಅವರಿಗೂ ತಮ್ಮ ಮನೆಯಲ್ಲಿ ನೆಮ್ಮದಿಯಿಂದ ಇರುವ ಹಕ್ಕಿಲ್ಲವೇ?

ಇದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಉತ್ತರ ಮಾತ್ರ ಇದೇ ಬ್ರೆಡ್ಡಿನಲ್ಲಿದೆ. ಮಾಂಸ ತೆಗೆದುಹಾಕಿ ನೋಡಿ: ಉಳಿಯುವುದು ಬೆಳ್ಳುಳ್ಳಿ. ಥಾಣೆಯಲ್ಲೂ ಡೊಂಬಿವಲಿಯಲ್ಲೂ ಬೆಳ್ಳುಳ್ಳಿ ಮುಟ್ಟದ ಜೈನ ಕುಟುಂಬಗಳು ಬೇಕಾದಷ್ಟಿವೆ. ಉಡುಪಿಯ ಕಡೆಯಿಂದ ಬಂದ ಮಾಧ್ವರ ಮನೆಗಳಲ್ಲೂ ಅನೇಕರು ಅದನ್ನು ಮುಟ್ಟುವುದಿಲ್ಲ. ಅವರಿಗದು ಆಚಾರದ ಪ್ರಶ್ನೆ, ಹಗುರವಾದದ್ದಲ್ಲ. ಬೆಣ್ಣೆಯಲ್ಲಿ ಸೀದ ಬೆಳ್ಳುಳ್ಳಿಯ ಘಮವಂತೂ ಕಾವಲಿಯ ಮೇಲಿನ ಮಾಂಸದ ವಾಸನೆಗಿಂತ ದೂರ ಹೋಗುತ್ತದೆ. ಆದರೂ ಬೆಳ್ಳುಳ್ಳಿ ತಿನ್ನುವವರಿಗೆ ಬಾಡಿಗೆ ಮನೆ ಇಲ್ಲ ಎಂದು ಯಾರೂ ಬೋರ್ಡು ಹಾಕುವುದಿಲ್ಲ. ವಾಶಿಯ ಎಪಿಎಂಸಿ ಮಾರುಕಟ್ಟೆಯ ಬೆಳ್ಳುಳ್ಳಿ ಗಾಳೆಗಳಿಗೆ ಯಾವ ಹಬ್ಬದಲ್ಲೂ ಆಚಾರದ ಹೆಸರಿನಲ್ಲಿ ಬೀಗ ಬೀಳುವುದಿಲ್ಲ. ರೈಲಿನಲ್ಲಿ ಬೆಳ್ಳುಳ್ಳಿ ಚಟ್ನಿಯ ಡಬ್ಬಿ ಬಿಚ್ಚಿದವರಿಗೆ ಯಾರೂ ಹೊಡೆಯುವುದಿಲ್ಲ.

ಅದು ಹೇಗೆ ಸಾಧ್ಯವಾಯಿತು? ತಿನ್ನದವರು ತಿನ್ನುವುದಿಲ್ಲ, ತಿನ್ನುವವರನ್ನು ತಡೆಯುವುದೂ ಇಲ್ಲ. ಪಿಜ್ಜಾ ಅಂಗಡಿಯವನು ಜೈನ್ ಪಿಜ್ಜಾ ಎಂದು ಬೇರೆ ಮಾಡಿ ಕೊಡುತ್ತಾನೆ, ಉಳಿದವರ ಪಿಜ್ಜಾದಿಂದ ಬೆಳ್ಳುಳ್ಳಿ ಕಿತ್ತುಕೊಳ್ಳುವುದಿಲ್ಲ. ಮನೆಗೆ ನೆಂಟರು ಬಂದರೆ ಒಗ್ಗರಣೆಗೆ ಮುಂಚೆ ಒಂದು ಮಾತು ಕೇಳುತ್ತಾರೆ. ಈ ಒಪ್ಪಂದ ನಿಂತಿರುವುದು ಹೆಸರಿನ ಮೇಲೆ: ಇದರಲ್ಲಿ ಬೆಳ್ಳುಳ್ಳಿ ಇದೆ, ಇದರಲ್ಲಿ ಇಲ್ಲ ಎಂದು ಎಲ್ಲರೂ ನಿಜ ಹೇಳುತ್ತಾರೆ. ನಿಜ ಹೇಳಿದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ.

ಮಾಂಸಕ್ಕೂ ಇಷ್ಟೇ ಸಾಕು. ಕಿಟಕಿಯ ಫ್ಯಾನು ಹಾಕುವುದು, ಮೂಳೆ, ಕಸವನ್ನು ಕಟ್ಟಿ ಎಸೆಯುವುದು, ತಿನ್ನದವರು ಊಟಕ್ಕೆ ಬಂದಾಗ ಬೇರೆ ಕಾವಲಿ ಇಡುವುದು. ಇವು ನೆರೆಹೊರೆಯ ಸಾಮಾನ್ಯ ಮರ್ಯಾದೆಗಳು, ಇವನ್ನು ಪಾಲಿಸದ ಮಾಂಸಾಹಾರಿಗೆ ಯಾವ ವಿನಾಯಿತಿಯೂ ಬೇಡ. ಆಚೆ ಕಡೆಯವರು ಮಾಡಬೇಕಾದದ್ದು ಇನ್ನೂ ಕಡಿಮೆ: ಕೇಳಿದಾಗ ನಿಜ ಹೇಳುವಷ್ಟು ಜಾಗ ಬಿಡುವುದು. ಮಾಂಸ ಬೇಡದವರು ಅದೇ ಬ್ರೆಡ್ಡಿಗೆ ಅಣಬೆ ಹುರಿದು ಹೇರಲಿ, ಬಹಳ ಚೆನ್ನಾಗಿರುತ್ತದೆ. ಅದನ್ನು ಅಣಬೆ ಎಂದೇ ಕರೆಯಲಿ, ಸ್ಟೇಕ್ ಎನ್ನುವುದು ಬೇಡ.

ಹಾಗಾಗಿ ಕನ್ನಡದಲ್ಲಿ ಈ ಪಾಕವಿಧಾನ ಬರೆಯುವವರು ಮುಂದಿನ ಸಲ ಬೇಕಾಗುವ ಸಾಮಾನುಗಳ ಪಟ್ಟಿಯಲ್ಲಿ ಲಾದಿ ಪಾವ್ ಆರು, ಬೆಣ್ಣೆ 100 ಗ್ರಾಂ, ಬೆಳ್ಳುಳ್ಳಿ ಹದಿನೈದು ಎಸಳು, ಮೊಝರೆಲ್ಲಾ 200 ಗ್ರಾಂ ಎಂದು ಬರೆದಮೇಲೆ ಅದೇ ಕೈಬರಹದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಲಿ: ಕೋಣದ ಅಂಡರ್‌ಕಟ್, 400 ಗ್ರಾಂ.